ಗಂಟಿನೊಳಗಿನ ಓದಮ್ಮ

"ಬಾಯಲ್ಲಿಟ್ಟು ಚೀಪು, ಹೋಗುತ್ತೆ. ಅಷ್ಟಕ್ಕೆ ಮುಂಡೆ ಥರ ಯಾಕೆ ಅರಚ್ತೀಯ?" ಅಂದ ಇಸ್ತ್ರಿ.

ನನ್ನ ನಾದಿನಿ ಅರಚಿರಲಿಲ್ಲ. ಅಯ್ಯೋ ಅಂತ ಒಂದು ಸಲ ಅಂದು, ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ಹಿಸುಕಿಕೊಂಡು ನಿಂತಿದ್ದಳು, ಅಷ್ಟೆ. ಅವಳ ಕಾಲ ಬಳಿ ಅರ್ಧ ಕೊಡವಿದ ಹಾಸಿಗೆ ಬಟ್ಟೆ ಬಿದ್ದಿತ್ತು. ಅದರ ಮಡಿಕೆಯಲ್ಲಿ ಸೂಜಿ, ಸೂಜಿಯ ಹಿಂದೆ ಸಿರಿಂಜು, ಸಿರಿಂಜಿನ ತಳದಲ್ಲಿ ಇನ್ನೂ ಒಣಗದ ಯಾರದೋ ರಕ್ತ. ಇಸ್ತ್ರಿ ದೂರದಿಂದಲೇ ಕತ್ತು ಉದ್ದ ಮಾಡಿ ನೋಡಿದ. ನೋಡಿ, ಆ ಬಟ್ಟೆ ಮೊದಲು ಮಿಷನ್ನಿಗೆ ಹೋಗಲಿ, ಕಲೆ ಕೂತುಬಿಟ್ಟರೆ ನಿಮ್ಮಪ್ಪ ಬಂದು ತೆಗೀತಾನಾ ಅಂತ ಕೇಳಿದ.

ಇಸ್ತ್ರಿ ಅಂದರೆ ನಮ್ಮ ಮೇಲ್ವಿಚಾರಕ. ಹೆತ್ತವರು ಏನು ಹೆಸರಿಟ್ಟಿದ್ದರೋ ನಮಗೆ ಬೇಡ. ದಿನಾ ಬೆಳಿಗ್ಗೆ ಮನೆಯಿಂದ ಮುದುರಿದ ಅಂಗಿ ತಂದು ನಮ್ಮ ಕೈಲಿ ಪುಕ್ಕಟೆ ಇಸ್ತ್ರಿ ಮಾಡಿಸಿ ಹಾಕಿಕೊಳ್ಳುತ್ತಾನೆ. ಆಮೇಲೆ ಆ ಅಂಗಿ ಮುದುಡದ ಹಾಗೆ ಇಡೀ ದಿನ ನೆಟ್ಟಗೆ ನಿಂತಿರುತ್ತಾನೆ. ನಿಂತಿರುವುದೇ ಅವನ ಕೆಲಸ.

ನಮ್ಮ ಕೆಲಸ ಬೇರೆ. ಅದು ದೊಡ್ಡ ಆಸ್ಪತ್ರೆ. ಮೇಲೆ ಹೋದರೆ ಮುಖ ಕಾಣುವ ಹಾಗೆ ಹೊಳೆಯುವ ನೆಲ, ತಣ್ಣನೆಯ ಗಾಳಿ, ಮೆತ್ತಗೆ ಮಾತಾಡುವ ಹುಡುಗಿಯರು. ನಾವು ಇರುವುದು ಅದರ ಹೊಟ್ಟೆಯ ಕೆಳಗೆ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಮೇಲೆ ಮನುಷ್ಯರ ಮೈಯಿಂದ ಸೋರಿದ್ದೆಲ್ಲ ಬಟ್ಟೆಗೆ ಹತ್ತಿ ಕೆಳಗೆ ನಮ್ಮ ಕೈಗೆ ಬರುತ್ತದೆ. ಅದನ್ನು ಬಿಚ್ಚಿ, ಕೊಡವಿ, ರಕ್ತದ್ದು ಬೇರೆ, ಕೀವಿನದು ಬೇರೆ, ಹೇಲಿನದು ಬೇರೆ ಮಾಡಿ ಮಿಷನ್ನಿಗೆ ತುಂಬಬೇಕು. ಕೊಡವಿದಾಗ ಏನು ಬೇಕಾದರೂ ಬೀಳುತ್ತದೆ. ಕತ್ತರಿ ಬಿದ್ದಿದೆ, ಕಟ್ಟಿಸಿದ ಹಲ್ಲಿನ ಸೆಟ್ಟು ಬಿದ್ದಿದೆ, ಒಮ್ಮೆ ಮದುವೆ ಉಂಗುರ ಬಿದ್ದಿತ್ತು. ಉಂಗುರ ಬಿದ್ದ ದಿನ ಮಾತ್ರ ಇಸ್ತ್ರಿ ಹತ್ತಿರ ಬಂದ. ಗ್ಲೌಸ್ ಕೊಡಿ ಅಂತ ಕೇಳಿ ಕೇಳಿ ನಮ್ಮ ನಾಲಿಗೆ ಸವೆದಿದೆ. ಖಾಲಿ, ಬಂದಿಲ್ಲ, ಬರುತ್ತೆ ಅನ್ನುವುದು ಬಿಟ್ಟರೆ ನಾಲ್ಕನೆಯ ಮಾತು ಅವನ ಬಾಯಲ್ಲಿ ಇಲ್ಲ.

ಮನೆಯಲ್ಲಿ ನಾನೂ ನಾದಿನಿಯೂ ಹಾವು ಮುಂಗುಸಿ. ನೀರಿನ ಚೊಂಬು ಎಲ್ಲಿಟ್ಟೆ ಅನ್ನುವುದಕ್ಕೂ ನಮಗೆ ಜಗಳ ಆಗಬೇಕು. ಗಂಡ ಬಿಟ್ಟು ಹೋದ ಮೇಲೆ ಅವಳು ಕೂಸನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದವಳು. ಈ ಕೆಲಸಕ್ಕೆ ಸೇರಿಸಿದ್ದೂ ನಾನೇ. ಅವಳ ಮುಖ ಬಿಳುಚಿಕೊಂಡಿತ್ತು. ಅವಳು ಬೆರಳಿನ ಬಗ್ಗೆ ಒಂದೂ ಕೇಳಲಿಲ್ಲ. "ಅತ್ತಿಗೆ, ಸಂಜೆ ಮಗೂಗೆ ಹಾಲು ಕೊಡಬಹುದಾ?" ಅಂದಳು.

ನನಗೇನು ಗೊತ್ತು? ಅವಳ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದೆ. ಇಸ್ತ್ರಿ ಹಿಂದಿನಿಂದ, ಇಬ್ಬರ ಅರ್ಧ ದಿನ ಕಟ್, ಬೇವರ್ಸಿಗಳಾ ಅಂತ ಕೂಗುತ್ತಿದ್ದ.

ತುರ್ತು ವಿಭಾಗದಲ್ಲಿ ಕೂತಿದ್ದ ಎಳೆಯ ಡಾಕ್ಟರು ನಮ್ಮ ಮುಖಕ್ಕಿಂತ ಮೊದಲು ನಮ್ಮ ಒದ್ದೆ ಚಪ್ಪಲಿ ನೋಡಿದರು. ಇದು ರೋಗಿಗಳು ಬರುವ ಜಾಗ, ಆಚೆ ನಿಲ್ಲಿ ಅಂದರು. ನಾವು ಆಚೆ ನಿಂತೆವು. ನರ್ಸಮ್ಮ ಒಬ್ಬಳು ನಾದಿನಿಯ ಬೆರಳನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತೊಳೆದಳು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು. ಆ ರಕ್ತದಲ್ಲಿ ಏಡ್ಸ್ ಇದ್ದರೂ ಹತ್ತದ ಹಾಗೆ ಗುಳಿಗೆ ಇದೆ. ಡಾಕ್ಟರಿಗೋ ನರ್ಸಿಗೋ ಚುಚ್ಚಿದರೆ ನಿಂತ ನಿಲುವಿನಲ್ಲೇ ಕೊಡುತ್ತೇವೆ. ಒಂದು ತಿಂಗಳು ದಿನಾ ನುಂಗಬೇಕು, ಆದರೆ ಮೊದಲನೆಯದು ಇವತ್ತೇ ಹೊಟ್ಟೆಗೆ ಬೀಳಬೇಕು. ತಡವಾದಷ್ಟೂ ಅದು ಕೆಲಸಕ್ಕೆ ಬರಲ್ಲ, ಎರಡು ಮೂರು ದಿನ ಹೋದರೆ ನುಂಗಿದರೂ ಒಂದೇ ಬಿಟ್ಟರೂ ಒಂದೇ. ಹೊರಗಿನ ಅಂಗಡಿಯಲ್ಲಿ ಸಿಗಲ್ಲ. ಗುಳಿಗೆ ಮುಗಿದು ರಕ್ತ ಪರೀಕ್ಷೆ ಆಗುವ ತನಕ ಕೂಸಿಗೆ ಹಾಲು ಬೇಡ.

ಮತ್ತೆ ಕೊಡಮ್ಮ ಅಂದೆ. ನೀವು ಆಸ್ಪತ್ರೆಯವರಲ್ಲವಲ್ಲ, ಕಂಟ್ರಾಕ್ಟಿನವರು, ನಿಮಗೆ ಕೊಡಬೇಕಾದರೆ ಆಡಳಿತದ ಸಾಹೇಬರ ಸಹಿ ಬೇಕು ಅಂದಳು. ಗುಳಿಗೆಯ ಬೀರು ಅವಳ ಬೆನ್ನ ಹಿಂದೆಯೇ ಇತ್ತು.

"ಬೀಗದ ಕೈ ನನ್ನ ಸೊಂಟದಲ್ಲಿದೆ. ಸಹಿ ಅವರ ಪೆನ್ನಲ್ಲಿದೆ. ನಾನೇನು ಮಾಡಲಿ ಅಕ್ಕ?" ಅಂದಳು. ಪಾಪ, ಅವಳಿಗೂ ಹೊಟ್ಟೆಪಾಡು.

ಆಡಳಿತದ ಸಾಹೇಬನನ್ನು ನಾವು ಕರೆಯುವುದು ನಗುಮುಖ ಅಂತ. ಆ ಮನುಷ್ಯ ಬೈಯುವಾಗಲೂ ನಗುತ್ತಾನೆ, ಕೆಲಸದಿಂದ ತೆಗೆಯುವಾಗಲೂ ನಗುತ್ತಾನೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಅವನ ಕೋಣೆಗೆ ಹೋಗುವ ಮುಂಚೆ ಅವನು ನಮಗೆ ಸಂವಿಧಾನ ಕೊಟ್ಟ ಕಥೆ ಹೇಳಬೇಕು.

ಕೆಲವು ತಿಂಗಳ ಹಿಂದೆ ಸಂವಿಧಾನದ ದಿನ ಬಂತು. ಆಸ್ಪತ್ರೆಯವರು ಅದಕ್ಕಾಗಿ ಒಂದು ಆ್ಯಪ್ ಮಾಡಿಸಿದ್ದರು. ಅಂಗೈಯಲ್ಲಿ ಸಂವಿಧಾನ ಅಂತ ಹೆಸರು, ಬಿಚ್ಚಿದರೆ ಮೊದಲು ಆಸ್ಪತ್ರೆಯ ಗುರುತು, ಆಮೇಲೆ ದೇಶದ್ದು. ಹುಲ್ಲುಹಾಸಿನ ಮೇಲೆ ಕಾರ್ಯಕ್ರಮ, ಯಾರೋ ದೊಡ್ಡವರು ಬರುವವರಿದ್ದರು, ಟೀವಿಯವರೂ ಬಂದಿದ್ದರು. ಫೋಟೋಕ್ಕೆ ಜನ ಸಾಲಲಿಲ್ಲ, ಡಾಕ್ಟರುಗಳೆಲ್ಲ ಅವರವರ ಕೆಲಸದಲ್ಲಿದ್ದರು. ಆಗ ನಗುಮುಖನಿಗೆ ನಮ್ಮ ನೆನಪಾಯಿತು. ನಮ್ಮ ಬಟ್ಟೆ ನೋಡಿ ಅವನ ನಗು ಸ್ವಲ್ಪ ಸಣ್ಣದಾಯಿತು. ಬೆಳಿಗ್ಗೆ ನಾವೇ ಇಸ್ತ್ರಿ ಮಾಡಿ ಜೋಡಿಸಿಟ್ಟಿದ್ದ ಡಾಕ್ಟರುಗಳ ಬಿಳಿ ಕೋಟನ್ನೇ ತರಿಸಿ ನಮಗೆ ತೊಡಿಸಿದ. ಹುಟ್ಟಿದ ಮೇಲೆ ನಾನು ಕೋಟು ಹಾಕಿದ್ದು ಅದೊಂದೇ ಸಲ. ಎಷ್ಟು ಜೇಬು ಆ ಕೋಟಿಗೆ! ಒಂದರಲ್ಲೂ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಇಸ್ತ್ರಿ ಒಬ್ಬೊಬ್ಬರ ಫೋನನ್ನೂ ಕಿತ್ತುಕೊಂಡು ತಾನೇ ಆ್ಯಪ್ ತುಂಬಿಸಿದ. ಹಾಕಿಸಿಕೊಳ್ಳದವರಿಗೆ ಹಾಜರಿ ಇಲ್ಲ ಅಂದ. ಎಲ್ಲರೂ ಫೋನ್ ಎತ್ತಿ ಹಿಡಿದೆವು. ನಗುಮುಖ ಮುಂದೆ ನಿಂತು ಪ್ರಮಾಣವಚನ ಹೇಳಿಕೊಟ್ಟ, ನಾವು ಹೇಳಿದೆವು. ಕ್ಯಾಮರಾ ಹೊಡೆಯಿತು. ಹೊಡೆದದ್ದೇ ತಡ, ಹಿಂದಿನಿಂದ ಕೋಟು ಎಳೆದುಕೊಂಡರು. "ಬೆವರು ಹತ್ತಿಸಿದ್ದೀರ. ಎಲ್ಲಾನೂ ವಾಪಸ್ ಒಗೀರಿ" ಅಂದ ಇಸ್ತ್ರಿ. ಸಮಾನತೆಯ ಬಾಯಿಪಾಠ ಮುಗಿಸಿ ಕೆಳಗಿಳಿದು, ನಾವು ಐದು ನಿಮಿಷ ಹಾಕಿಕೊಂಡಿದ್ದ ಕೋಟುಗಳನ್ನು ಬಿಸಿನೀರಿಗೆ ಹಾಕಿ ಕುದಿಸಿದೆವು. ಆ ಫೋಟೋ ಈಗಲೂ ಆಸ್ಪತ್ರೆಯ ದೊಡ್ಡ ಹಜಾರದಲ್ಲಿ ಗೋಡೆಯಷ್ಟಗಲ ಇದೆ. ಅದರಲ್ಲಿ ನಾನು ಡಾಕ್ಟರು.

ಮಾರನೆಯ ದಿನದಿಂದ ಯಥಾಪ್ರಕಾರ. ಕೆಲಸದ ಹೊತ್ತಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು. ಬುಟ್ಟಿಗೆ ಹಾಕಿದರೆ ಮನೆಯಲ್ಲಿ ಮಗು ಬಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೆ ನಾವೊಂದು ಜಾಗ ಕಂಡುಕೊಂಡಿದ್ದೆವು. ಆಪರೇಷನ್ ಕೋಣೆಯಿಂದ ಬರುವ ಹಸಿರು ಬಟ್ಟೆಯ ಗಂಟು. ನಾವು ರಕ್ತದ ಗಂಟು ಅನ್ನುತ್ತೇವೆ. ಅದರ ನಾಲ್ಕು ಮಾರು ಹತ್ತಿರಕ್ಕೂ ಇಸ್ತ್ರಿ ಬರುವವನಲ್ಲ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ತೂರಿಸಿಬಿಟ್ಟರೆ ಬ್ಯಾಂಕಿನ ತಿಜೋರಿಯೂ ಅಷ್ಟು ಭದ್ರ ಅಲ್ಲ. ಒಂದು ಸಲ ಮಾತ್ರ ನಮ್ಮ ಅಜ್ಜಿ, ಅಂದರೆ ನಮ್ಮ ಪೈಕಿ ಎಲ್ಲರಿಗಿಂತ ಹಿರಿಯಳು, ತೂರಿಸಿದ್ದನ್ನು ಮರೆತು ಗಂಟನ್ನೇ ಮಿಷನ್ನಿಗೆ ಹಾಕಿದಳು. ಕುದಿನೀರು, ಬ್ಲೀಚಿಂಗು, ಎರಡು ಸುತ್ತು. ತೆಗೆದಾಗ ಫೋನ್ ಬೆಳ್ಳಗೆ ಬೂದಿಯ ಹಾಗಿತ್ತು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ, "ನನ್ನ ಸಂವಿಧಾನ ಬೆಂದು ಹೋಯ್ತಲ್ರೇ" ಅಂದಳು. ನಾವು ಬಿದ್ದು ಬಿದ್ದು ನಕ್ಕೆವು. ಅವಳು ನಗಲಿಲ್ಲ. ಆ ಫೋನಿಗೆ ಅವಳು ಇಡೀ ವರ್ಷ ಚಹಾ ಬಿಟ್ಟು ದುಡ್ಡು ಕೂಡಿಸಿದ್ದಳು.

ಆ್ಯಪ್ಪಿನಲ್ಲಿ ಕಿವಿಯ ಚಿತ್ರ ಇದೆ, ಅದನ್ನು ಒತ್ತಿದರೆ ಒಬ್ಬ ಹೆಂಗಸು ಓದುತ್ತಾಳೆ. ಕಂಡುಹಿಡಿದದ್ದು ನಾದಿನಿ, ಕೂಸಿಗೆ ಹಾಲೂಡಿಸುತ್ತಾ ಕೂತಾಗ. ಆ ದನಿಗೆ ಓದಮ್ಮ ಅಂತ ಹೆಸರಿಟ್ಟವಳೂ ನಾದಿನಿಯೇ. ಸೋಪು ತಿಂದು ಸವೆದ ನಮ್ಮ ಬೆರಳ ತುದಿಗೆ ಫೋನ್ ಬಗ್ಗುವುದಿಲ್ಲ, ಗೆಣ್ಣಿನಲ್ಲಿ ಒತ್ತಬೇಕು. ಒತ್ತಿದರೆ ಮುಗಿಯಿತು, ಓದಮ್ಮನ ಬಾಯಿ ನಿಲ್ಲುವುದಿಲ್ಲ. ಒಂದು ಕಲಂ ಮುಗಿದರೆ ತಾನಾಗಿಯೇ ಮುಂದಿನದು. ಊಟದ ಹೊತ್ತಿಗೆ ಬಾಯ್ಲರಿನ ಹಿಂದೆ ಕೂತು ಕೇಳುತ್ತಿದ್ದೆವು. ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ ಓದಮ್ಮ ಅಂದರೆ, ಮುಂದೆ ಸರಿ, ಕಾನೂನಿನ ಹಿಂದೆ ಯಾರ್ಯಾರಿದ್ದಾರೆ ಕೇಳು ಅನ್ನುತ್ತಿದ್ದಳು ಅಜ್ಜಿ. ನಮಗೆ ಅದು ಹರಟೆಯೇ. ಆದರೆ ದಿನಾ ಕಿವಿಗೆ ಬಿದ್ದದ್ದು ಎಲ್ಲೋ ಒಂದು ಕಡೆ ಕೂತುಕೊಳ್ಳುತ್ತದೆ.

ನಗುಮುಖನ ಕೋಣೆಗೆ ಹೋದೆವು. ಕಾಲು ಹೂತುಹೋಗುವಂಥ ಬಿಳಿ ಕಾರ್ಪೆಟ್ಟು. ಚಪ್ಪಲಿ ಹೊರಗೆ ಬಿಡಿ ಅಂದ ಜವಾನ. ಬಿಟ್ಟೆವು. ಕುರ್ಚಿಗಳಿದ್ದವು, ಕೂತುಕೊಳ್ಳಿ ಅನ್ನಲಿಲ್ಲ. ಅವನ ತಲೆಯ ಹಿಂದಿನ ಗೋಡೆಯಲ್ಲಿ ಸಂವಿಧಾನದ ಮೊದಲನೆಯ ಪುಟ ಚಿನ್ನದ ಚೌಕಟ್ಟಿನಲ್ಲಿ ಕೂತಿತ್ತು. ನಾನು ಎಲ್ಲಾ ಹೇಳಿದೆ. ಸೂಜಿ ಹೇಳಿದೆ, ಕೂಸು ಹೇಳಿದೆ, ನರ್ಸಮ್ಮನ ಹೆಸರು ಮಾತ್ರ ಎತ್ತಲಿಲ್ಲ.

"ಬಟ್ಟೆಯಲ್ಲಿ ಸೂಜಿ ಬರೋಕೆ ಸಾಧ್ಯನೇ ಇಲ್ಲಮ್ಮ" ಅಂದ ನಗುಮುಖ. "ನಮ್ಮಲ್ಲಿ ಸೂಜಿಗೆ ಅಂತ ಬೇರೆ ಡಬ್ಬಿ ಇದೆ. ನಿಯಮ ಇದೆ. ಬರಲ್ಲ."

ನಾದಿನಿ ಹೆಬ್ಬೆರಳು ಮುಂದೆ ಹಿಡಿದಳು. ಅವನು ಗಡಿಯಾರ ನೋಡಿದ. ಮನೆಯಲ್ಲಿ ಬಟ್ಟೆ ಹೊಲಿಯುವಾಗ ಚುಚ್ಚಿಕೊಂಡಿರಬೇಕು ನೋಡಿ ಅಂದ. ಅವನ ಲೆಕ್ಕ ಹೀಗೆ: ನಿಯಮ ಇರುವುದರಿಂದ ಸೂಜಿ ಇಲ್ಲ, ಸೂಜಿ ಇಲ್ಲದ್ದರಿಂದ ಚುಚ್ಚಿಲ್ಲ, ಚುಚ್ಚಿಲ್ಲದ್ದರಿಂದ ಗುಳಿಗೆ ಬೇಕಿಲ್ಲ. ಎದುರಿಗೆ ಬೆರಳು ಹಿಡಿದು ನಿಂತಿದ್ದ ಹೆಂಗಸು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಅಷ್ಟರಲ್ಲಿ ಫೋನು ಬಂತು. ಯಾರಿಗೋ ಹೇಳಿದ, ಮುಂದಿನ ವಾರ ತಪಾಸಣೆ ಇದೆ, ಈಗ ಗುಳಿಗೆ ಕೊಟ್ಟರೆ ಬಟ್ಟೆಯಲ್ಲಿ ಸೂಜಿ ಹೋಗುತ್ತೆ ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತಲ್ಲ, ತಲೆ ಇದೆಯೇನ್ರಿ ಅಂತ. ನಾವು ಅಲ್ಲೇ ನಿಂತಿದ್ದೆವು. ಮೇಜಿನ ಮುಂದೆ ಇನ್ನೆರಡು ಕುರ್ಚಿ ನಿಂತಿದ್ದ ಹಾಗೆ.

ಅವತ್ತು ರಕ್ತದ ಗಂಟು ಇನ್ನೂ ಬಂದಿರಲಿಲ್ಲ, ಫೋನ್ ನನ್ನ ಸೊಂಟದಲ್ಲೇ ಇತ್ತು, ತೆಗೆದು ಗೆಣ್ಣಿನಲ್ಲಿ ಒತ್ತಿದೆ. ಯಾವುದು ಎಲ್ಲಿದೆ ಅಂತ ನಮಗೆ ಬಾಯಲ್ಲೇ ಇತ್ತು. ಯಾವ ವ್ಯಕ್ತಿಯ ಜೀವಕ್ಕೂ ಸ್ವಾತಂತ್ರ್ಯಕ್ಕೂ ಚ್ಯುತಿ ತರತಕ್ಕದ್ದಲ್ಲ ಅಂತ ಓದಮ್ಮ ಶುರು ಮಾಡಿದಳು.

ನಗುಮುಖನ ಮುಖ ಅರಳಿತು. "ಅರೆ, ನಮ್ಮ ಆ್ಯಪ್ ಅಲ್ವಾ ಇದು? ದನಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಅಂತ ಜವಾನನಿಗೆ ತೋರಿಸಿದ. ಪೂರ್ತಿ ಒಂದು ಕಲಂ ತಲೆ ಆಡಿಸಿಕೊಂಡು ಕೇಳಿದ. ಆಮೇಲೆ ಮಕ್ಕಳಿಗೆ ಹೇಳಿದ ಹಾಗೆ ಹೇಳಿದ. ಇದೆಲ್ಲ ಸರ್ಕಾರಕ್ಕೆ ಹೇಳಿದ ಮಾತು, ಆಸ್ಪತ್ರೆಗಲ್ಲ, ನಮ್ಮದು ಖಾಸಗಿ.

"ಹಾಗಾದ್ರೆ ನಮ್ಮ ಫೋನಿಗೆ ಯಾಕೆ ತುಂಬ್ಸಿದ್ರಿ ಸಾರ್?" ಅಂದೆ.

"ಇಟ್ಕೊಳ್ಳೋಕಮ್ಮ" ಅಂದ ನಗುಮುಖ. "ಎಲ್ಲರ ಹತ್ರನೂ ಇರ್ಬೇಕು. ಇದ್ರೆ ಒಂದು ಗೌರವ. ಅದನ್ನ ಹಿಂಗೆ ಎತ್ಕೊಂಡು ಬಂದು ಕಂಡವರ ಮುಖಕ್ಕೆ ಹಿಡಿಯೋಕಲ್ಲ. ಕೆಳಗೆ ಹೋಗಿ ಬುಟ್ಟಿಗೆ ಹಾಕು. ಇನ್ನೊಂದು ಸಲ ಕೆಲಸದ ಹೊತ್ತಲ್ಲಿ ಕೈಯಲ್ಲಿ ಕಂಡ್ರೆ ಇಬ್ರೂ ಮನೆಗೆ ಹೋಗಬೇಕಾಗುತ್ತೆ." ನಗುತ್ತಲೇ ಅಂದ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಕೆಳಗಿಳಿದು ಬಂದೆವು. ಕೂಸಿಗೆ ಹಾಲು ಕೊಡುವ ಹೊತ್ತು ಮೀರಿ ನಾದಿನಿಯ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಅವಳು ಒಗೆಯುವ ತೊಟ್ಟಿಯ ಮರೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು, ಹಾಲು ಹಿಂಡಿ ಮೋರಿಗೆ ಬಿಟ್ಟಳು. ಸೋಪಿನ ನೊರೆಯ ಜೊತೆ ಅದು ಹರಿದು ಹೋಯಿತು. ಅವಳು ಅಳಲಿಲ್ಲ. ನನಗೆ ಮಾತ್ರ ಯಾರನ್ನಾದರೂ ಸಿಗಿದು ಹಾಕಬೇಕು ಅನ್ನಿಸಿತು. ಇಸ್ತ್ರಿ ಆ ಕಡೆಯೇ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಅಜ್ಜಿ ಹೋಗಿ ಒಂದು ಒದ್ದೆ ಬಟ್ಟೆಯನ್ನು ಅವನ ಕಣ್ಣಿಗೆ ಅಡ್ಡ ಬರುವ ಹಾಗೆ ಹರವಿದಳು.

ನಾಚಿಕೆಯಾಗಿಯೋ ಏನೋ ಅವನು ನನ್ನ ಕಡೆ ತಿರುಗಿದ. ಮೇಲಿಂದ ಫೋನು ಬಂದಿತ್ತು ಅಂತ ಕಾಣುತ್ತದೆ, ಫೋನ್ ಎಲ್ಲೇ, ತಾ ಇಲ್ಲಿ ಅಂದ. ಅಷ್ಟರಲ್ಲಿ ನಾನು ಅದನ್ನು ಆಗತಾನೆ ಬಂದಿದ್ದ ರಕ್ತದ ಗಂಟಿಗೆ ತೂರಿಸಿಯಾಗಿತ್ತು. ಇಲ್ಲ, ನನ್ನ ಹತ್ತಿರ ಇಲ್ಲ, ಬೇಕಾದರೆ ಸೆರಗು ಬಿಚ್ಚಿ ನೋಡು ಅಂದೆ. ಅಷ್ಟು ಹೇಳಿ ಬಾಯಿ ಮುಚ್ಚುವುದಕ್ಕೂ ಗಂಟು ಒಂದು ಕಡೆಗೆ ವಾಲುವುದಕ್ಕೂ ಸರಿಹೋಯಿತು. ಯಾವ ಮಡಿಕೆ ಎಲ್ಲಿ ಒತ್ತಿತೋ, ಒಳಗಿಂದ ಓದಮ್ಮ ಬಾಯಿ ಬಿಟ್ಟಳು. ಎಲ್ಲಾ ಪ್ರಜೆಗಳಿಗೂ ಅಂತ ಅವಳು ಶುರು ಮಾಡಿದ್ದೇ ತಡ, ಇಸ್ತ್ರಿ ಗಂಟಿನ ಕಡೆ ನುಗ್ಗಿದ.

"ಎಲಾ ಕಳ್ಳ ಮುಂಡೆ, ನಂಗೇ ಟೋಪಿ ಹಾಕ್ತೀಯ" ಅಂತ ಕೈ ಚಾಚಿದ.

ಚಾಚಿದ ಕೈ ಅರ್ಧಕ್ಕೆ ನಿಂತಿತು. ಗಂಟಿನ ಮೇಲಿನ ಬಟ್ಟೆ ಹಸಿಯಾಗಿ ಅಂಟಂಟಾಗಿ ಇತ್ತು. ಅವನ ತೋಳಿನ ಇಸ್ತ್ರಿ ಗೆರೆ ಅದರಿಂದ ಒಂದು ಗೇಣು ಮೇಲೆಯೇ ಉಳಿಯಿತು. ಕೈ ಹಿಂದಕ್ಕೆ ತೆಗೆದುಕೊಂಡು, ಕಸಪೊರಕೆಯ ಹಿಡಿಯಿಂದ ನಾಲ್ಕು ಸಲ ತಿವಿದ. ಓದಮ್ಮ ಇನ್ನೂ ಜೋರಾಗಿ ಓದಿದಳು. "ತೆಗೀರೇ ಅದನ್ನ, ಯಾರಾದ್ರೂ ತೆಗೀರೇ" ಅಂದ. ಯಾರೂ ಅಲ್ಲಾಡಲಿಲ್ಲ.

ನಾನು ಅವನ ಆ ನಿಂತ ಕೈಯನ್ನೇ ನೋಡುತ್ತಿದ್ದೆ. ಅಲ್ಲಿಯ ತನಕ ಮಂಕು ಕವಿದಿದ್ದ ನನ್ನ ತಲೆ ಒಮ್ಮೆಗೇ ತಿಳಿಯಾಯಿತು. ಅಯ್ಯೋ, ನಮ್ಮ ಹತ್ತಿರ ಇಷ್ಟು ದೊಡ್ಡ ಆಯುಧ ಇಟ್ಟುಕೊಂಡು ದಿನಾ ನಾವು ಅದನ್ನು ಒಗೆದು ಮಡಚಿ ವಾಪಸ್ ಕಳಿಸುತ್ತಿದ್ದೇವಲ್ಲ ಅನ್ನಿಸಿತು.

"ಅಜ್ಜಿ, ಗಾಡಿ ತಾ" ಅಂದೆ.

ಅಜ್ಜಿ ಏನು ಎತ್ತ ಕೇಳಲಿಲ್ಲ. ಗಾಲಿಯ ತಳ್ಳುಗಾಡಿ ತಂದಳು. ಗಂಟನ್ನು ಇಡಿಯಾಗಿ ಎತ್ತಿ ಹಾಕಿದೆವು. ಇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. ಗಾಡಿಯನ್ನು ಅವನ ಅಂಗಿಯ ನೇರಕ್ಕೆ ತಳ್ಳಿದೆ. ಅಂಗಿ ಪಕ್ಕಕ್ಕೆ ಸರಿಯಿತು, ಅದರ ಜೊತೆ ಅವನೂ ಸರಿದ.

ಕೊಳೆಬಟ್ಟೆಗೆ ಬೇರೆ ದಾರಿ ಇದೆ. ನಾವು ಜನ ಓಡಾಡುವ ಲಿಫ್ಟಿಗೇ ನುಗ್ಗಿಸಿದೆವು, ನಾನು, ನಾದಿನಿ, ಅಜ್ಜಿ. ದೊಡ್ಡ ಹಜಾರದಲ್ಲಿ ಜನ ಮೂಗು ಮುಚ್ಚಿಕೊಂಡು ಎರಡು ಭಾಗವಾದರು. ಶೋಷಣೆಯ ವಿರುದ್ಧದ ಹಕ್ಕು ಅಂತ ಗಾಡಿಯೊಳಗಿಂದ ಓದಮ್ಮ ಓದುತ್ತಿದ್ದಳು. ಗೋಡೆಯ ಮೇಲಿನ ಡಾಕ್ಟರಮ್ಮ, ಆ ಫೋಟೋದ ನಾನು, ಫೋನ್ ಎತ್ತಿ ಹಿಡಿದುಕೊಂಡು, ಕೆಳಗೆ ಗಾಡಿ ತಳ್ಳುತ್ತಿದ್ದ ನನ್ನನ್ನು ನೋಡುತ್ತಿದ್ದಳು. ಇಸ್ತ್ರಿ ಮೆಟ್ಟಿಲು ಹತ್ತಿ ಓಡಿಬರುತ್ತಿದ್ದ. ಅವನ ಅಂಗಿ ಅಷ್ಟೊಂದು ಮುದುಡಿದ್ದನ್ನು ನಾನು ನೋಡಿದ್ದು ಅವತ್ತೇ.

ನಗುಮುಖನ ಕೋಣೆಯ ಬಾಗಿಲನ್ನು ಗಾಡಿಯೇ ತೆರೆಯಿತು. ಚಪ್ಪಲಿ ಬಿಡಿ ಅಂತ ಜವಾನ ಬಾಯಿ ತೆರೆದವನು ಗಾಡಿ ನೋಡಿ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡ. ಬಿಳಿ ಕಾರ್ಪೆಟ್ಟಿನ ನಡುಮಧ್ಯಕ್ಕೆ ನಾವು ಮೂವರೂ ಸೇರಿ ಗಾಡಿಯನ್ನು ಬೋರಲು ಹಾಕಿದೆವು. ಗಂಟು ಬಿಚ್ಚಿಕೊಂಡು ಹರಡಿತು. ಹಸಿರು ಬಟ್ಟೆ, ಕೆಂಪು ಬಟ್ಟೆ, ಕೆಂಪಗೆ ಕಪ್ಪಾದ ಹತ್ತಿ, ಏನೇನೋ. ನಡುವೆ ಎಲ್ಲೋ ಓದಮ್ಮ.

ನಗುಮುಖ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡ. ನಗು ಹೋಗಿತ್ತು. ಅದಿಲ್ಲದ ಅವನ ಮುಖ ಹೀಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ, ಎಲ್ಲರ ಮುಖದ ಹಾಗೇ ಇತ್ತು.

ಏನಿದು, ಯಾರು ಬಿಟ್ಟರು ಇವರನ್ನ, ಮೊದಲು ಆ ಹಾಳು ದನಿ ನಿಲ್ಲಿಸಿ ಅಂತ ಒದರಿದ. ಜವಾನನಿಗೆ ಹೇಳಿದ. ಜವಾನ ಇಸ್ತ್ರಿಗೆ ಹೇಳಿದ. ಇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನೀವೇ ತೆಗೀರೇ ಅಂತ ನಮಗೆ ಹೇಳಿದ. ನಾವು ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತೆವು. ಊರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ಅವತ್ತು ತಳ್ಳಲು ಮಕ್ಕಳು ಸಿಗಲಿಲ್ಲ.

"ಬಟ್ಟೆಯಲ್ಲಿ ಸೂಜಿ ಇರಲ್ಲ ಅಂದ್ರಲ್ಲ ಸಾರ್. ನಿಯಮ ಇದೆ ಅಂದ್ರಲ್ಲ. ಕೈ ಹಾಕಿ, ತೆಗೀರಿ" ಅಂದೆ.

ಅವನು ನಿಜವಾಗಲೂ ಎದ್ದ. ಮಾನದ ಪ್ರಶ್ನೆ ನೋಡಿ. ಬಾಗಿಲಲ್ಲಿ ರೋಗಿಗಳ ಕಡೆಯವರು ಬಗ್ಗಿ ಬಗ್ಗಿ ನೋಡುತ್ತಿದ್ದರು, ಒಬ್ಬ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ನಗುಮುಖ ತೋಳು ಮಡಚಿ ರಾಶಿಯ ಪಕ್ಕ ಬಗ್ಗಿದ. ಬೆರಳು ಬಟ್ಟೆಯ ಹತ್ತಿರ ಹೋಯಿತು. ಅಷ್ಟರಲ್ಲಿ ಯಾವುದೋ ಮಡಿಕೆಯೊಳಗೆ ಏನೋ ಮಿಂಚಿತು. ಸೂಜಿಯೋ, ಆಪರೇಷನ್ನಿನ ಚಿಮುಟವೋ, ಬರೀ ಬೆಳಕೋ, ನನಗೂ ಗೊತ್ತಿಲ್ಲ. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

"ಗ್ಲೌಸ್ ತಗೊಂಡ್ಬಾರೋ" ಅಂತ ಜವಾನನ ಮೇಲೆ ಕಿರುಚಿದ. "ಗ್ಲೌಸ್!"

ಅಜ್ಜಿ ಗಹಗಹಿಸಿ ನಕ್ಕಳು. ಫೋನ್ ಬೆಂದು ಹೋದ ದಿನ ಉಳಿಸಿಕೊಂಡಿದ್ದ ನಗು ಅದು. "ಖಾಲಿ ಸಾರ್" ಅಂದಳು. "ಬಂದಿಲ್ಲ. ಬರುತ್ತೆ."

ನಾನು ನಾದಿನಿಯ ಕೈ ಹಿಡಿದು ಮೇಜಿನ ಹತ್ತಿರ ತಂದೆ. "ಇವಳ ಗುಳಿಗೆಗೆ ಸಹಿ ಹಾಕಿ. ಆಸ್ಪತ್ರೆ ಬಟ್ಟೆಯಲ್ಲಿದ್ದ ಸೂಜಿ ಚುಚ್ಚಿದೆ ಅಂತ ಬರೆದು ಹಾಕಿ. ಆಮೇಲೆ ಮಾತು."

ಅವನು ಬಾಗಿಲ ಕಡೆ ನೋಡಿದ, ವಿಡಿಯೋ ಹಿಡಿಯುತ್ತಿದ್ದವನ ಕಡೆ ನೋಡಿದ, ರಾಶಿಯ ಕಡೆ ನೋಡಿದ. ಬಿದ್ದಾಗ ಏನು ಒತ್ತಿತೋ, ಯಾವ ವ್ಯಕ್ತಿಯ ಜೀವಕ್ಕೂ ಅಂತ ಓದಮ್ಮ ಮತ್ತೆ ಅಲ್ಲಿಗೇ ಬಂದಿದ್ದಳು. ಅವನು ಬರೆದ. ಬರೆಯುವಾಗ ಪೆನ್ನು ಹಾಳೆಯನ್ನು ಹರಿಯಿತು. ಸಹಿ ಹಾಕಿ ಚೀಟಿಯನ್ನು ಮೇಜಿನ ಮೇಲೆ ಬಿಸಾಡಿದ. ನಾದಿನಿ ಅದನ್ನು ಎತ್ತಿಕೊಂಡು, ಚಪ್ಪಲಿಗೆ ಅಂಟಿದ ಕಾರ್ಪೆಟ್ಟಿನ ನೂಲೂ ಒದರದೆ, ಓಡಿದಳು. ನರ್ಸಮ್ಮ ಸೊಂಟದಿಂದ ಬೀಗದ ಕೈ ಆಗಲೇ ತೆಗೆದು ಹಿಡಿದುಕೊಂಡು ನಿಂತಿದ್ದಳಂತೆ.

"ಸಿಕ್ತಲ್ಲ" ಅಂದ ನಗುಮುಖ, ಹಲ್ಲು ಕಚ್ಚಿ. "ಈಗ ತೆಗಿ ಅದನ್ನ. ಇದನ್ನೆಲ್ಲ ಬಾಚಿಕೊಂಡು ತೊಲಗು."

ನಾನು ರಾಶಿಯ ಹತ್ತಿರ ಹೋದೆ. ನನಗೆ ಗೊತ್ತಿತ್ತು ಫೋನ್ ಯಾವ ಮಡಿಕೆಯಲ್ಲಿದೆ ಅಂತ. ಕೈ ಹಾಕಿದರೆ ಕ್ಷಣದ ಕೆಲಸ, ದಿನಾ ಮಾಡುವುದೇ. ಅವನೂ ಇಸ್ತ್ರಿಯೂ ಜವಾನನೂ ನನ್ನ ಕೈಯನ್ನೇ ನೋಡುತ್ತಿದ್ದರು, ಅದು ಹೋಗಿಯೇ ಹೋಗುತ್ತದೆ ಅನ್ನುವ ನಂಬಿಕೆಯಲ್ಲಿ. ಆ ನಂಬಿಕೆ ನೋಡಿ ನನಗೆ ಎಲ್ಲಿಲ್ಲದ ಹೇಸಿಗೆ ಬಂತು. ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡೆ.

"ಇರ್ಲಿ ಸಾರ್, ನಿಮ್ಮ ಹತ್ರನೇ ಇಟ್ಕೊಳ್ಳಿ" ಅಂದೆ. "ಇದ್ರೆ ಒಂದು ಗೌರವ."

ಲಿಫ್ಟಿನ ತನಕ ಓದಮ್ಮನ ದನಿ ಕೇಳುತ್ತಿತ್ತು, ಅದರ ಮೇಲೆ ಗ್ಲೌಸ್ ಗ್ಲೌಸ್ ಅನ್ನುವ ಕೂಗು. ಚಾರ್ಜ್ ಎಷ್ಟಿದೆಯೇ ಅಂತ ಕೇಳಿದಳು ಅಜ್ಜಿ. ಬೆಳಿಗ್ಗೆ ತುಂಬಿಸಿಕೊಂಡೇ ಬಂದಿದ್ದೀನಿ ಅಂದೆ.

ನಾದಿನಿ ಕೆಳಗೆ ನಮ್ಮ ಕೋಣೆಯ ಮೆಟ್ಟಿಲ ಮೇಲೆ ಕೂತು ನೀರಿಲ್ಲದೆಯೇ ಗುಳಿಗೆ ನುಂಗಿದ್ದಳು. ಗುಳಿಗೆ ತೆಗೆದ ಖಾಲಿ ಹಾಳೆಯನ್ನು ನನಗೆ ತೋರಿಸಿದಳು. ಇವತ್ತಿನದು ಒಂದೇ ಕೊಟ್ಟಿದ್ದರು. ನಾಳೆಯದಕ್ಕೆ ನಾಳೆ ಬಂದು ಸಹಿ ಹಾಕಿಸಬೇಕಂತೆ, ಹಾಗೆ ಒಂದು ತಿಂಗಳು. ಹಾಲು ಇನ್ನೂ ಕೊಡುವ ಹಾಗಿಲ್ಲವಂತೆ. ಅವಳ ರವಿಕೆ ಮತ್ತೆ ಒದ್ದೆಯಾಗುತ್ತಿತ್ತು.

"ನಾಳೆ ನಮ್ಮನ್ನ ಗೇಟೊಳಗೇ ಬಿಡಲ್ವಲ್ಲ ಅತ್ತಿಗೆ, ಏನು ಮಾಡೋದು?" ಅಂದಳು.

ನಾನು ಏನೋ ಹೇಳುವಷ್ಟರಲ್ಲಿ ಮೇಲಿನಿಂದ ಕೊಳೆಬಟ್ಟೆಯ ಗಾಡಿ ಗಡಗಡ ಇಳಿದು ಬಂತು. ಹೊಸ ಗಂಟು, ಇನ್ನೂ ಬೆಚ್ಚಗಿತ್ತು. ನಮ್ಮ ಕೋಣೆಯ ಹೆಂಗಸರೆಲ್ಲ ಅದರ ಸುತ್ತ ನಿಂತಿದ್ದರು. ಒಬ್ಬಳೂ ಬಿಚ್ಚಿರಲಿಲ್ಲ. ಒಬ್ಬೊಬ್ಬಳೂ ಬುಟ್ಟಿಯಿಂದ ತನ್ನ ಫೋನ್ ತೆಗೆದು, ಕಿವಿಯ ಚಿತ್ರವನ್ನು ಗೆಣ್ಣಿನಲ್ಲಿ ಒತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದಳು.